ಕರು, ಕಡಸು ಮಾರುವವರಿಗೆ ಕೊಟ್ಟಿಗೆಯ ದಾಖಲೆ: ಬರೆದಿಡುವ ಕ್ರಮದ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೆಚ್ಚಿನ ಮನೆಗಳಲ್ಲಿ ದನ ಸಾಕುವುದು ತೋಟಕ್ಕೆ ಗೊಬ್ಬರ ಬೇಕೆಂದು, ಮನೆಗೆ ಹಾಲು ಬೇಕೆಂದು. ಉಳಿದ ಹಾಲು ಡೇರಿಗೆ ಹೋಗುತ್ತದೆ, ಕೊಟ್ಟಿಗೆಯಲ್ಲಿ ಜಾಗ ಸಾಲದಾದಾಗ ಒಂದೋ ಎರಡೋ ಕಡಸು ಮಾರಾಟಕ್ಕೆ ಬರುತ್ತದೆ. ಮಾರಾಟವೇ ಮುಖ್ಯ ಉದ್ದೇಶವಲ್ಲವಾದ್ದರಿಂದ ಅದಕ್ಕೆ ಬೇಕಾದ ತಯಾರಿಯೂ ನಡೆಯುವುದಿಲ್ಲ. ಕೊಳ್ಳಲು ಬಂದವರು ಕರುವಿನ ವಯಸ್ಸು ಕೇಳಿದರೆ 'ಹೋದ ವರ್ಷ ಗದ್ದೆ ನಾಟಿಯ ಹೊತ್ತಿಗೆ ಹುಟ್ಟಿದ್ದು' ಎಂಬ ಉತ್ತರ ಬರುತ್ತದೆ. ತಾಯಿಯ ಹಾಲು ಕೇಳಿದರೆ 'ಚೆನ್ನಾಗಿಯೇ ಕೊಡುತ್ತದೆ' ಎನ್ನಲಾಗುತ್ತದೆ. ಇಷ್ಟನ್ನು ಕೇಳಿಸಿಕೊಂಡವರು ಕಣ್ಣಿಗೆ ಕಾಣುವ ಮೈಗೆ ಮಾತ್ರ ಬೆಲೆ ಕಟ್ಟುತ್ತಾರೆ. ಕಾಣದಿರುವುದಕ್ಕೆ, ಅಂದರೆ ತಳಿ, ತಾಯಿಯ ಹಾಲು, ಹಾಕಿಸಿದ ಲಸಿಕೆ, ಎರಡು ವರ್ಷ ತಿನ್ನಿಸಿದ ಹಿಂಡಿ ಇವುಗಳಿಗೆ, ಬೆಲೆ ಬರಬೇಕಾದರೆ ಅವು ಕಾಗದದ ಮೇಲೆ ಇರಬೇಕು.

ಈ ಬರಹ ಸಾಕಣೆಗಾಗಿ ಮಾರುವ ಕರು, ಕಡಸು, ಗಬ್ಬದ ಹಸುಗಳ ಕುರಿತಾಗಿದೆ. ಮಾಂಸಕ್ಕಾಗಿ ಕರು ಬೆಳೆಸಿ ಮಾರುವ ಪದ್ಧತಿ ಬೇರೆ ದೇಶಗಳಲ್ಲಿ ದೊಡ್ಡ ಉದ್ಯಮವಾಗಿದ್ದು, ಅಲ್ಲಿಯೂ ದಾಖಲೆಯುಳ್ಳ ಕರುವಿಗೆ ಹೆಚ್ಚಿನ ಬೆಲೆ ಸಿಗುತ್ತದೆ. ನಮ್ಮಲ್ಲಿ 2021ರಲ್ಲಿ ಜಾರಿಗೆ ಬಂದ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಂತೆ ಹಸು, ಕರು, ಹೋರಿ, ಎತ್ತುಗಳನ್ನು ವಧೆಗಾಗಿ ಮಾರುವುದೂ ಕೊಳ್ಳುವುದೂ ಸಾಗಿಸುವುದೂ ಅಪರಾಧ. ಆದ್ದರಿಂದ ಪ್ರಾಣಿ ಯಾರಿಂದ ಯಾರಿಗೆ, ಯಾವ ಉದ್ದೇಶಕ್ಕೆ ಹೋಯಿತು ಎಂಬುದಕ್ಕೆ ಕೈಯಲ್ಲಿ ಆಧಾರ ಇಟ್ಟುಕೊಳ್ಳುವ ಅಗತ್ಯ ಮಾರುವವರಿಗೆ ಇನ್ನಷ್ಟು ಹೆಚ್ಚಿದೆ.

ಪುಸ್ತಕ, ಪೆನ್ಸಿಲ್, ಕ್ಯಾಲೆಂಡರ್

ಮೊದಲು ಬರೆಯುವ ಸಾಧನವನ್ನು ಗೊತ್ತುಮಾಡಿಕೊಳ್ಳಬೇಕು. ಐದಾರು ದನಗಳಿರುವ ಕೊಟ್ಟಿಗೆಗೆ ಗಟ್ಟಿ ರಟ್ಟಿನ, ಉದ್ದನೆಯ ಒಂದು ಲೆಕ್ಕದ ಪುಸ್ತಕ ಸಾಕು. ಪ್ರತಿ ಪ್ರಾಣಿಗೆ ಎದುರುಬದುರಾದ ಎರಡು ಪುಟ ಮೀಸಲಿಡಿ: ಎಡಪುಟದಲ್ಲಿ ಗುರುತು, ಹುಟ್ಟು, ವಂಶ, ಗರ್ಭಧಾರಣೆ, ಬಲಪುಟದಲ್ಲಿ ಆರೋಗ್ಯ, ಅಳತೆ, ಖರ್ಚು. ದಿನಾಂಕದ ಸಾಲಿನಲ್ಲಿ ಎಲ್ಲ ದನಗಳ ಸಂಗತಿಯನ್ನೂ ಒಟ್ಟಿಗೆ ಬರೆಯುತ್ತ ಹೋಗುವ ದಿನಚರಿ ಪದ್ಧತಿ ಬರೆಯುವುದಕ್ಕೆ ಸುಲಭ, ಹುಡುಕುವುದಕ್ಕೆ ಮಾತ್ರ ಬಹಳ ಕಷ್ಟ. ಕೊಳ್ಳುವವರು ಅಂಗಳದಲ್ಲಿ ನಿಂತಿರುವಾಗ ಒಂದೇ ಪುಟ ತೆರೆದು ತೋರಿಸುವಂತಿರಬೇಕು.

ಘಟ್ಟದ ಮೇಲಾಗಲಿ ಕರಾವಳಿಯಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವೆಂಬುದು ಒಣಗಿರುವುದೇ ಇಲ್ಲ. ಶಾಯಿ ಹರಡುತ್ತದೆ, ಜೆಲ್ ಪೆನ್ನಿನ ಬರಹ ಒಂದು ಹನಿಗೆ ಅಳಿಸಿಹೋಗುತ್ತದೆ. ಪೆನ್ಸಿಲ್ ಅಥವಾ ಬಾಲ್‌ಪೆನ್ನಿನ ಬರಹ ಉಳಿಯುತ್ತದೆ. ಪುಸ್ತಕವನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಅದು ಮನೆಯೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಕೊಟ್ಟಿಗೆಯ ಕಂಬಕ್ಕೆ ದೊಡ್ಡ ಅಂಕಿಗಳ ಗೋಡೆ ಕ್ಯಾಲೆಂಡರ್ ಒಂದನ್ನು ನೇತುಹಾಕಿ, ಅದಕ್ಕೊಂದು ಪೆನ್ಸಿಲ್ ಕಟ್ಟಿಬಿಡಿ. ಹಾಲು ಕರೆಯುವಾಗ ಕಂಡ ಸಂಗತಿಯನ್ನು ಆ ತಾರೀಖಿನ ಚೌಕದಲ್ಲಿ ಎರಡೇ ಪದಗಳಲ್ಲಿ ಗೀಚಿದರಾಯಿತು: 'ಕಪಿಲೆ ಬೆದೆ', 'ಕರು ಭೇದಿ'. ವಾರಕ್ಕೊಮ್ಮೆ ಅದನ್ನು ಪುಸ್ತಕಕ್ಕೆ ಇಳಿಸಬೇಕು. ಹಾಲು ಕರೆಯುವವರೇ ಬೆದೆಯನ್ನೂ ಕಾಯಿಲೆಯನ್ನೂ ಮೊದಲು ಕಾಣುವವರು. ನಮ್ಮ ಬಹುತೇಕ ಮನೆಗಳಲ್ಲಿ ಅದು ಹೆಂಗಸರ ಕೆಲಸ. ಪೇಟೆಗೆ ಹೋಗಿಬರುವ ಯಜಮಾನರು ರಾತ್ರಿ ಕುಳಿತು ನೆನಪಿನಿಂದ ಬರೆಯುವ ಪುಸ್ತಕಕ್ಕಿಂತ ಕೊಟ್ಟಿಗೆಯ ಕ್ಯಾಲೆಂಡರಿನ ಗೀಚು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಮೊಬೈಲ್ ಆ್ಯಪ್‌ಗಳನ್ನು ಬಳಸಬಾರದೆಂದಿಲ್ಲ. ಆದರೆ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಪುಸ್ತಕವೇ ಮೂಲ ದಾಖಲೆಯಾಗಿರಲಿ. ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದಿಟ್ಟರೆ ಪುಸ್ತಕ ನೆನೆದರೂ ಗೆದ್ದಲು ಹಿಡಿದರೂ ವಿವರ ಉಳಿಯುತ್ತದೆ.

ಗುರುತು: ಹೆಸರು ಸಾಲದು

ಗೌರಿಯ ಮಗಳಿಗೂ ಗೌರಿ ಎಂದೇ ಹೆಸರಿಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಹತ್ತು ವರ್ಷದ ಪುಸ್ತಕದಲ್ಲಿ ಮೂವರು ಗೌರಿಯರು ಬಂದರೆ ಯಾರ ಹಾಲು ಯಾರ ಲೆಕ್ಕಕ್ಕೆ ಎಂದು ಬರೆದವರಿಗೇ ತಿಳಿಯದಂತಾಗುತ್ತದೆ. ಆದ್ದರಿಂದ ಹೆಸರಿನ ಜೊತೆಗೆ ಕಿವಿಯೋಲೆಯ ಸಂಖ್ಯೆ ಇರಲೇಬೇಕು. ಪಶುಪಾಲನಾ ಇಲಾಖೆಯವರು ಕಿವಿಗೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಯ ಸಂಖ್ಯೆಯಿದ್ದು, ಆ ಸಂಖ್ಯೆಯ ಅಡಿಯಲ್ಲಿ ಪ್ರಾಣಿಯ ಲಸಿಕೆ, ಕೃತಕ ಗರ್ಭಧಾರಣೆ, ಮಾಲೀಕರ ವಿವರಗಳು ಭಾರತ್ ಪಶುಧನ್ ಎಂಬ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ದಾಖಲಾಗುತ್ತವೆ. ವಿಮೆಗೂ ಇದೇ ಸಂಖ್ಯೆ ಆಧಾರ. 12 ಅಂಕಿಗಳನ್ನೂ ಪುಸ್ತಕದಲ್ಲಿ ಬರೆದು, ಓಲೆ ಸ್ಪಷ್ಟವಾಗಿ ಕಾಣುವಂತೆ ಒಂದು ಫೋಟೋ ತೆಗೆದಿಡಿ. ಬೆಟ್ಟಕ್ಕೆ ಮೇಯಲು ಹೋಗುವ ದನಗಳು ಪೊದೆಗೆ ಸಿಕ್ಕು ಓಲೆ ಕಳೆದುಕೊಳ್ಳುವುದು ಸಾಮಾನ್ಯ. ಹಾಗಾದಾಗ ಹೊಸ ಓಲೆ ಹಾಕಿಸಿಕೊಂಡು, ಹಳೆಯ ಸಂಖ್ಯೆಯನ್ನು ಹೊಡೆದುಹಾಕದೆ ಪಕ್ಕದಲ್ಲಿ ಹೊಸದನ್ನು ತಾರೀಖು ಸಮೇತ ಬರೆಯಬೇಕು. ವಿಮೆ ಇದ್ದರೆ ಆ ಕಂಪನಿಗೂ ಕೂಡಲೇ ತಿಳಿಸಬೇಕು.

ಎಳೆಗರುವಿಗೆ ಓಲೆ ಬೀಳುವವರೆಗೆ ಮೈಬಣ್ಣ, ಹಣೆಯ ಮೇಲಿನ ಮಚ್ಚೆ, ಬಾಲದ ಕುಚ್ಚಿನ ಬಣ್ಣ, ಸುಳಿ ಇರುವ ಜಾಗ ಇವನ್ನು ಬರೆಯಿರಿ. ಸುಳಿ ನೋಡಿ ದನ ಕೊಳ್ಳುವವರು ಇಂದಿಗೂ ಇದ್ದಾರೆ. ಸುಳಿಯ ಶುಭಾಶುಭದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅದು ಜೀವಮಾನವಿಡೀ ಬದಲಾಗದ ಗುರುತು ಎಂಬ ಕಾರಣಕ್ಕೆ ಬರೆದಿಡುವುದು ಲೇಸು, ನೋಡುವವರಿಗೂ ಅದರಿಂದ ಸಮಾಧಾನವಾಗುತ್ತದೆ.

ಹುಟ್ಟಿದ ದಿನ ಬರೆಯಬೇಕಾದದ್ದು

ದನದ ವಯಸ್ಸನ್ನು ಹಲ್ಲು ನೋಡಿ ಹೇಳುವ ರೂಢಿಯಿದೆ. ಹಾಲುಹಲ್ಲು ಬಿದ್ದು ಮೊದಲ ಜೋಡಿ ಕಾಯಂ ಹಲ್ಲು ಬರುವುದು ಸುಮಾರು ಎರಡು ವರ್ಷಕ್ಕೆ. ಬಾಯಿ ಕೂಡುವುದು, ಅಂದರೆ ನಾಲ್ಕೂ ಜೋಡಿ ತುಂಬುವುದು, ನಾಲ್ಕು ವರ್ಷದ ಆಚೀಚೆ. ಹೀಗಾಗಿ ಎರಡು ವರ್ಷದೊಳಗಿನ ಕರುವಿನ ವಯಸ್ಸನ್ನು ಕರಾರುವಾಕ್ಕಾಗಿ ಹೇಳಲು ಹಲ್ಲಿನಿಂದ ಸಾಧ್ಯವಿಲ್ಲ, ಮಾರಾಟವಾಗುವ ಕಡಸುಗಳಲ್ಲಿ ಹೆಚ್ಚಿನವು ಈ ವಯಸ್ಸಿನವೇ. ಹದಿನಾಲ್ಕು ತಿಂಗಳಿಗೆ ಮೈತುಂಬಿ ನಿಂತ ಕಡಸು ಮತ್ತು ಇಪ್ಪತ್ತೆರಡು ತಿಂಗಳಾದರೂ ಬೆಳವಣಿಗೆ ಕುಂಠಿತವಾದ ಕಡಸು ಪಕ್ಕಪಕ್ಕದಲ್ಲಿ ನಿಂತಾಗ ಒಂದೇ ರೀತಿ ಕಾಣುತ್ತವೆ. ಅವುಗಳ ವ್ಯತ್ಯಾಸವನ್ನು ಹೇಳುವುದು ಹುಟ್ಟಿದ ತಾರೀಖು ಮಾತ್ರ.

ತಾರೀಖಿನ ಜೊತೆಗೆ ತಾಯಿಯ ಓಲೆ ಸಂಖ್ಯೆ ಮತ್ತು ಎಷ್ಟನೇ ಸೂಲು, ತಂದೆ ಹೋರಿಯ ಸಂಖ್ಯೆ, ಕರು ಗಂಡೋ ಹೆಣ್ಣೋ, ಹೆರಿಗೆ ಸಲೀಸಾಗಿ ಆಯಿತೋ ಎಳೆಯಬೇಕಾಯಿತೋ, ಮಾಸು ತಾನಾಗಿ ಬಿತ್ತೋ ಡಾಕ್ಟರು ಬರಬೇಕಾಯಿತೋ, ಗಿಣ್ಣು ಹಾಲನ್ನು ಎಷ್ಟು ಹೊತ್ತಿನೊಳಗೆ ಕುಡಿಸಲಾಯಿತು ಇವಿಷ್ಟನ್ನು ಬರೆಯಿರಿ. ಗಿಣ್ಣು ಹಾಲಿನ ವಿಷಯ ಅತಿ ಎನಿಸಬಹುದು. ಕರುವಿಗೆ ರೋಗನಿರೋಧಕ ಶಕ್ತಿ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬರುವುದಿಲ್ಲ, ಗಿಣ್ಣು ಹಾಲಿನಿಂದಲೇ ಬರುತ್ತದೆ. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಒಂದು ದಿನ ಮಾತ್ರ ಇದ್ದು, ಗಂಟೆಗಂಟೆಗೂ ಕುಗ್ಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಲು ಆರಂಭಿಸಿ, ದಿನದೊಳಗೆ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಸಿಕ್ಕ ಕರು ಎಂದರೆ ತಿಳಿದವರು ಅದಕ್ಕೆ ಬೆಲೆ ಕೊಡುತ್ತಾರೆ.

ಅವಳಿ ಕರು ಹುಟ್ಟಿದರೆ ಅದನ್ನು ಎದ್ದು ಕಾಣುವಂತೆ ಬರೆಯಬೇಕು. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಹತ್ತರಲ್ಲಿ ಒಂಬತ್ತು ಸಲ ಗೊಡ್ಡಾಗಿರುತ್ತದೆ, ಏಕೆಂದರೆ ಗರ್ಭದಲ್ಲಿ ರಕ್ತನಾಳಗಳು ಕೂಡಿಕೊಂಡು ಗಂಡುಕರುವಿನ ಹಾರ್ಮೋನುಗಳು ಹೆಣ್ಣಿನ ಜನನಾಂಗ ಬೆಳೆಯದಂತೆ ತಡೆಯುತ್ತವೆ. ನೋಡಲು ಅಂತಹ ಕಡಸು ಎಲ್ಲರಂತೆಯೇ ಇರುತ್ತದೆ. ಅದರ ಗಂಡು ಜೊತೆಗಾರ ವಾರದೊಳಗೆ ಸತ್ತುಹೋಗಿದ್ದರೆ ಎರಡು ವರ್ಷದ ನಂತರ ಮನೆಯವರಿಗೂ ಅವಳಿಯ ಸಂಗತಿ ಮರೆತಿರುತ್ತದೆ. ಅದು ಗಬ್ಬ ನಿಲ್ಲುವ ಕಡಸೆಂಬ ಭರವಸೆಯಿಂದ ಮಾರಾಟವಾದರೆ ಮಾರಿದವರ ಹೆಸರು ಸುತ್ತಲಿನ ನಾಲ್ಕು ಊರಿನಲ್ಲಿ ಕೆಡುತ್ತದೆ.

ಬೆದೆ, ಗರ್ಭಧಾರಣೆ, ಹೋರಿಯ ಸಂಖ್ಯೆ

ಒಂದೇ ಒಂದು ದಾಖಲೆಯನ್ನಾದರೂ ಕ್ರಮವಾಗಿ ಇಡುತ್ತೇನೆ ಎನ್ನುವವರು ಇದನ್ನು ಆರಿಸಿಕೊಳ್ಳಲಿ. ಬೆದೆಯ ಚಕ್ರ ಸರಾಸರಿ 21 ದಿನ. ಬೆದೆ ಕಂಡ ತಾರೀಖು ಬರೆದಿದ್ದರೆ ಮುಂದಿನದನ್ನು ಮೂರು ವಾರಕ್ಕೆ ಕಾದು ನೋಡಬಹುದು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸುವುದು ರೂಢಿ. ಹಸು ಗಬ್ಬವಾಗಿರುವ ಅವಧಿ ಸುಮಾರು 280 ದಿನ. ಇದನ್ನು ಸುಲಭವಾಗಿ ಲೆಕ್ಕ ಹಾಕಲು ಗರ್ಭಧಾರಣೆಯ ತಾರೀಖಿಗೆ ಒಂಬತ್ತು ತಿಂಗಳು ಮತ್ತು ಒಂದು ವಾರ ಸೇರಿಸಿ: ಜನವರಿ 10ಕ್ಕೆ ಕಟ್ಟಿದ ಹಸು ಅಕ್ಟೋಬರ್ 17ರ ಹಿಂದೆ ಮುಂದೆ ಕರು ಹಾಕುತ್ತದೆ. ಎಮ್ಮೆಗೆ ಇದಕ್ಕಿಂತ ಸುಮಾರು ಒಂದು ತಿಂಗಳು ಹೆಚ್ಚು ಬೇಕು. ಗಬ್ಬದ ಹಸುವಿನ ಬೆಲೆ ಅದು ಎಷ್ಟನೇ ತಿಂಗಳಲ್ಲಿದೆ ಎಂಬುದರ ಮೇಲೆ ನಿಂತಿರುವುದರಿಂದ, ತಾರೀಖಿನ ಜೊತೆಗೆ ಪಶುವೈದ್ಯರು ಎರಡೂವರೆ ಮೂರು ತಿಂಗಳಿಗೆ ಮಾಡಿದ ಗಬ್ಬ ಪರೀಕ್ಷೆಯ ಫಲಿತಾಂಶವೂ ಪುಸ್ತಕದಲ್ಲಿದ್ದರೆ ಚೌಕಾಶಿಗೆ ಹೆಚ್ಚು ಎಡೆಯಿರುವುದಿಲ್ಲ.

ಇಂಜೆಕ್ಷನ್ನಿನ ವೀರ್ಯ ತುಂಬಿಟ್ಟಿರುವ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ, ತಳಿ, ತಯಾರಾದ ತಾರೀಖು ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುತ್ತವೆ. ಇಂಜೆಕ್ಷನ್ ಕೊಟ್ಟವರು ಖಾಲಿ ಕಡ್ಡಿಯನ್ನು ಗೊಬ್ಬರದ ಗುಂಡಿಗೆ ಎಸೆಯುವ ಮೊದಲು ಅದನ್ನು ಕೇಳಿ ಪಡೆದು ಫೋಟೋ ತೆಗೆದು, ಆ ಸಂಖ್ಯೆಯನ್ನು ಅವರ ಎದುರೇ ಬರೆದುಕೊಳ್ಳಿ. ಕಡ್ಡಿಯನ್ನೇ ತೊಳೆದು ಒಣಗಿಸಿ ಪುಟಕ್ಕೆ ಅಂಟಿಸುವವರೂ ಇದ್ದಾರೆ. ಎರಡು ವರ್ಷದ ನಂತರ ಕೊಳ್ಳುವವರ ಮುಂದೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. 'ಜರ್ಸಿ ಹಾಕಿಸಿದ್ದು' ಎಂದಷ್ಟೇ ಬರೆದರೆ ಪ್ರಯೋಜನ ಕಡಿಮೆ. ಹೋರಿಯ ಸಂಖ್ಯೆ ಗೊತ್ತಿಲ್ಲದೆ ಅದೇ ಹೋರಿಯನ್ನು ಅದರ ಮಗಳಿಗೇ ಕಟ್ಟಿಸುವ ಸಾಧ್ಯತೆಯಿದೆ, ಅಂತಹ ಕೂಡಿಕೆಯಿಂದ ಹುಟ್ಟಿದ ಕರುಗಳಲ್ಲಿ ಸಾವು, ಕುಂಠಿತ ಬೆಳವಣಿಗೆ, ಗೊಡ್ಡುತನ ಹೆಚ್ಚು. ಲಿಂಗ ನಿರ್ಧಾರಿತ ವೀರ್ಯ ಬಳಸಿದ್ದರೆ ಅದನ್ನೂ ನಮೂದಿಸಿ. ಅದರಲ್ಲಿ ಹೆಣ್ಣುಗರು ಹುಟ್ಟುವ ಸಂಭವ ನೂರಕ್ಕೆ ತೊಂಬತ್ತರಷ್ಟಿದ್ದು, ಅಂತಹ ಗಬ್ಬದ ಹಸುವಿಗೆ ಬೇಡಿಕೆ ಬೇರೆಯೇ ಇದೆ. ಮಿಶ್ರತಳಿಯ ಗಂಡುಕರುಗಳಿಗೆ ಕೊಳ್ಳುವವರಿಲ್ಲದ ಈ ಕಾಲದಲ್ಲಿ ಮಾರಾಟದ ಮಾತು ಶುರುವಾಗಬೇಕಾದದ್ದೇ ಇಲ್ಲಿಂದ.

ಮಲೆನಾಡು ಗಿಡ್ಡ ತಳಿಯ ದನ ಸಾಕುವವರ ವಿಷಯ ಸ್ವಲ್ಪ ಬೇರೆ. ಬೆಟ್ಟದಲ್ಲಿ ಮೇಯುವ ಹಸುವಿಗೆ ಯಾವ ಹೋರಿ ಹಾರಿತು ಎಂದು ಹೇಳುವುದು ಕಷ್ಟ. ಊರಿನಲ್ಲಿ ಇರುವ ಒಂದೆರಡು ಗಿಡ್ಡ ಹೋರಿಗಳ ಗುರುತನ್ನು ಬರೆದಿಟ್ಟು, ಹಸುವಿಗೆ ಬೆದೆ ಬಂದ ದಿನ ಅದನ್ನು ಕಟ್ಟಿಹಾಕಿ ಗೊತ್ತಿರುವ ಹೋರಿಯನ್ನೇ ಬಿಡಿಸುವುದು ಒಂದು ದಾರಿ. ಈ ಪುಟ್ಟ ದನ ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಅದನ್ನು ಹುಡುಕಿಕೊಂಡು ಬರುವವರಿಗೆ ಬೇಕಾದದ್ದು ತಳಿಯ ಶುದ್ಧತೆ, ಆದ್ದರಿಂದ ತಾಯಿ, ಅಜ್ಜಿ, ಹೋರಿ ಮೂವರ ಫೋಟೋ ಮತ್ತು ವಿವರವಿದ್ದರೆ ಹಾಲಿನ ಲೆಕ್ಕಕ್ಕಿಂತ ಅದೇ ದೊಡ್ಡ ದಾಖಲೆ.

ತಾಯಿಯ ಹಾಲಿನ ಲೆಕ್ಕ

ಕಡಸಿಗೆ ಹಾಲಿಲ್ಲ, ಅದರ ಬೆಲೆ ತಾಯಿಯ ಹಾಲಿನಿಂದ ಬರುತ್ತದೆ. ಡೇರಿಯ ಚೀಟಿಗಳನ್ನು ಜೋಪಾನವಾಗಿ ಇಟ್ಟರೆ ಸಾಕೆಂದು ಹಲವರು ತಿಳಿದಿದ್ದಾರೆ. ಆ ಚೀಟಿಯಲ್ಲಿ ಕಾಣುವುದು ಕೊಟ್ಟಿಗೆಯ ಎಲ್ಲ ಹಸುಗಳ ಕೂಡು ಹಾಲು, ಅದೂ ಮನೆಬಳಕೆಗೆ ತೆಗೆದು, ಕರುವಿಗೆ ಬಿಟ್ಟು ಉಳಿದದ್ದು. ಒಂದು ಹಸುವಿನ ನಿಜವಾದ ಲೆಕ್ಕ ಬೇಕಿದ್ದರೆ ತಿಂಗಳಿಗೊಮ್ಮೆ, ಒಂದೇ ತಾರೀಖಿಗೆ, ಬೆಳಿಗ್ಗೆ ಮತ್ತು ಸಂಜೆಯ ಹಾಲನ್ನು ಹಸುವಾರು ಪ್ರತ್ಯೇಕವಾಗಿ ಅಳೆಯಬೇಕು. ಕರು ಕುಡಿಯುವ ಹಸುವಾದರೆ ಆ ದಿನ ಕರುವಿಗೆ ಹಾಲನ್ನು ಅಳೆದೇ ಕುಡಿಸಿ, ಅದನ್ನೂ ಸೇರಿಸಿ.

ಒಂದು ಲೆಕ್ಕ ನೋಡೋಣ. ಹಸುವೊಂದು ಕರು ಹಾಕಿದ ಮೇಲೆ ಹತ್ತು ತಿಂಗಳ ಅಳತೆಯ ದಿನಗಳಲ್ಲಿ ಕ್ರಮವಾಗಿ 9, 11, 10.5, 9.5, 8.5, 7.5, 6.5, 5.5, 4.5, 3.5 ಲೀಟರ್ ಕೊಟ್ಟಿತೆನ್ನಿ. ಇವುಗಳ ಮೊತ್ತ 76. ಅದನ್ನು 30.5ರಿಂದ ಗುಣಿಸಿದರೆ 305 ದಿನಗಳ ಸೂಲಿನ ಹಾಲು 2,318 ಲೀಟರ್. ಗರಿಷ್ಠ ದಿನದ ಹಾಲನ್ನು 200ರಿಂದ ಗುಣಿಸುವ ಅಂದಾಜು ಲೆಕ್ಕವೂ ಬಳಕೆಯಲ್ಲಿದೆ. ಇಲ್ಲಿ 11 ಲೀಟರಿಗೆ ಅದು 2,200 ಆಗುತ್ತದೆ, ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಕೊಳ್ಳುವವರಿಗೆ ಒಟ್ಟು ಮೊತ್ತಕ್ಕಿಂತ ಆ ಹತ್ತು ಅಂಕಿಗಳ ಸಾಲೇ ಹೆಚ್ಚು ಮಾತನಾಡುತ್ತದೆ. ಹನ್ನೊಂದು ಲೀಟರಿಗೆ ಏರಿ ಮೂರೇ ತಿಂಗಳಲ್ಲಿ ಐದಕ್ಕೆ ಇಳಿಯುವ ಹಸುವಿಗಿಂತ ಒಂಬತ್ತಕ್ಕೆ ಏರಿ ನಿಧಾನವಾಗಿ ಇಳಿಯುವ ಹಸುವಿನ ಮಗಳು ಮೇಲು. ದಲ್ಲಾಳಿಗಳು ಯಾವಾಗಲೂ ಹೇಳುವುದು ಗರಿಷ್ಠ ಹಾಲನ್ನೇ. ಪೂರ್ತಿ ಸಾಲು ಬರೆದಿಟ್ಟ ಮನೆಗೆ ಅಲ್ಲಿ ಮೇಲುಗೈ ಇದೆ. ಡೇರಿಯಲ್ಲಿ ಆ ದಿನ ಆ ಹಸುವಿನ ಹಾಲನ್ನು ಪ್ರತ್ಯೇಕ ಪರೀಕ್ಷಿಸಿಕೊಡುವಂತಿದ್ದರೆ ಕೊಬ್ಬಿನ ಅಂಶ ಮತ್ತು ಎಸ್.ಎನ್.ಎಫ್. (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಂಕಿಗಳನ್ನೂ ಪಕ್ಕದಲ್ಲಿ ಬರೆಯಿರಿ, ಏಕೆಂದರೆ ಹಾಲಿನ ದರ ನಿಲ್ಲುವುದು ಅವುಗಳ ಮೇಲೆ.

ಇದರ ಜೊತೆಗೆ ಎರಡು ಸೂಲುಗಳ ನಡುವಿನ ಅಂತರವನ್ನೂ ಬರೆಯಬೇಕು. ವರ್ಷಕ್ಕೆ ಅಥವಾ ಹದಿಮೂರು ಹದಿನಾಲ್ಕು ತಿಂಗಳಿಗೊಮ್ಮೆ ಕರು ಹಾಕುವ ಹಸುವಿನ ಸಂತತಿ ಎಂಬುದು ದೊಡ್ಡ ಗುಣ.

ಬೆಳವಣಿಗೆ: ಟೇಪಿನಿಂದ ತೂಕ

ಹಳ್ಳಿಯ ಕೊಟ್ಟಿಗೆಯಲ್ಲಿ ದನ ತೂಗುವ ಯಂತ್ರ ಇರುವುದಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋಗ್ರಾಂನಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 50 ಇಂಚು, ಉದ್ದ 44 ಇಂಚು ಇರುವ ಕಡಸು ಸುಮಾರು 167 ಕೆ.ಜಿ. ತೂಗುತ್ತದೆ. ಪ್ರಾಣಿ ಸಮತಟ್ಟು ನೆಲದಲ್ಲಿ ನೆಟ್ಟಗೆ ನಿಂತಿರಬೇಕು, ಬೆಳಿಗ್ಗೆ ಮೇವು ನೀರು ಕೊಡುವ ಮೊದಲೇ ಅಳೆಯಬೇಕು, ಪ್ರತಿ ಸಲವೂ ಒಬ್ಬರೇ ಅಳೆದರೆ ಒಳ್ಳೆಯದು.

ತಿಂಗಳಿಗೊಮ್ಮೆ ಅಳೆದರೆ ಸಾಕು. ಮಿಶ್ರತಳಿ ಕಡಸು ದಿನಕ್ಕೆ 400ರಿಂದ 500 ಗ್ರಾಂ ಬೆಳೆಯುತ್ತಿದ್ದರೆ ಒಂದೂವರೆ ವರ್ಷದೊಳಗೆ ಮೊದಲ ಗರ್ಭಧಾರಣೆಯ ತೂಕ ಮುಟ್ಟುತ್ತದೆ, ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗೆ ಅದು 250 ಕೆ.ಜಿ.ಯ ಸುಮಾರು, ಜರ್ಸಿ ಮಿಶ್ರತಳಿಗೆ ಇನ್ನೂ ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಬೆಳವಣಿಗೆ ನಿಂತದ್ದು ಅಂಕಿಗಳಲ್ಲಿ ಕಂಡರೆ ಜಂತುಹುಳುವನ್ನೋ ಒದ್ದೆ ನೆಲವನ್ನೋ ಅನುಮಾನಿಸಬೇಕು. ಮಾರುವುದಿರಲಿ ಬಿಡಲಿ, ಇದು ಮನೆಯವರಿಗೇ ಉಪಯೋಗಕ್ಕೆ ಬರುವ ದಾಖಲೆ.

ಲಸಿಕೆ, ಔಷಧ, ಉಣ್ಣೆ

ಲಸಿಕೆಯ ಕಾಲಮಿನಲ್ಲಿ ತಾರೀಖು, ಲಸಿಕೆಯ ಹೆಸರು, ಹಾಕಿದವರು ಯಾರು ಎಂಬ ಮೂರು ವಿವರ ಸಾಕು. ಕಾಲುಬಾಯಿ ಜ್ವರದ ಲಸಿಕೆ ಕರುವಿಗೆ ನಾಲ್ಕು ತಿಂಗಳಾದ ಮೇಲೆ ಆರಂಭವಾಗಿ ಆರು ತಿಂಗಳಿಗೊಮ್ಮೆ ನಡೆಯುತ್ತದೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆಗಳು ಮಳೆಗಾಲಕ್ಕೆ ಮುಂಚೆ. ಚರ್ಮಗಂಟು ರೋಗ 2022ರಲ್ಲಿ ರಾಜ್ಯದಲ್ಲಿ ಹರಡಿ ದನದ ಸಂತೆ, ಜಾತ್ರೆಗಳಿಗೆ ತಡೆ ಬಿದ್ದ ಮೇಲೆ ಕೊಳ್ಳುವವರು ಅದರ ಲಸಿಕೆಯನ್ನೂ ತಪ್ಪದೆ ಕೇಳುತ್ತಾರೆ.

ಕಂದು ರೋಗದ ಲಸಿಕೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಗರ್ಭಪಾತ ತರುವ, ಮನುಷ್ಯರಿಗೂ ಅಂಟುವ ಈ ರೋಗಕ್ಕೆ ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳ ನಡುವೆ, ಜೀವನದಲ್ಲಿ ಒಂದೇ ಸಲ ಲಸಿಕೆ ಹಾಕುತ್ತಾರೆ. ಆ ವಯಸ್ಸು ದಾಟಿದರೆ ಅವಕಾಶ ತಪ್ಪಿದಂತೆಯೇ. ಹುಟ್ಟಿದ ತಾರೀಖು ಬರೆದಿಟ್ಟವರಿಗೆ ಮಾತ್ರ ಇದು ಸಮಯಕ್ಕೆ ನೆನಪಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ದೊಡ್ಡ ಫಾರ್ಮಿನವರು ಕೊಳ್ಳುವ ಮೊದಲು ರಕ್ತಪರೀಕ್ಷೆ ಮಾಡಿಸುವುದುಂಟು, ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳೇ ಆ ಪರೀಕ್ಷೆಯಲ್ಲಿ ಕೆಲವೊಮ್ಮೆ ರೋಗವೆಂಬಂತೆ ತೋರುತ್ತವೆ. ಲಸಿಕೆ ಹಾಕಿದ ತಾರೀಖು ಮತ್ತು ಆಗಿನ ವಯಸ್ಸು ಕೈಯಲ್ಲಿದ್ದರೆ ವೈದ್ಯರು ಫಲಿತಾಂಶವನ್ನು ಸರಿಯಾಗಿ ಅರ್ಥೈಸಬಲ್ಲರು, ಒಳ್ಳೆಯ ಕಡಸೊಂದು ತಿರಸ್ಕೃತವಾಗುವುದು ತಪ್ಪುತ್ತದೆ.

ಜಂತುಹುಳುವಿನ ಔಷಧವನ್ನು ಕರುವಿಗೆ ಎರಡು ವಾರದ ಪ್ರಾಯದಲ್ಲಿ ಆರಂಭಿಸಿ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಒಂದೇ ಔಷಧವನ್ನು ಮತ್ತೆ ಮತ್ತೆ ಕೊಟ್ಟರೆ ಹುಳುಗಳು ಅದಕ್ಕೆ ಒಗ್ಗಿಕೊಳ್ಳುವುದರಿಂದ ಔಷಧದ ಹೆಸರನ್ನೂ ಪ್ರಮಾಣವನ್ನೂ ಬರೆಯಿರಿ. ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಗೆ ಹಚ್ಚುವ ಔಷಧಕ್ಕೂ ಇದೇ ಮಾತು. ನಮ್ಮ ಜಿಲ್ಲೆಯಲ್ಲಿ ಉಣ್ಣೆಯ ದಾಖಲೆಗೆ ಎರಡು ಕಾರಣಗಳಿಂದ ಬೆಲೆಯಿದೆ. ಉಣ್ಣೆಯಿಂದ ಹರಡುವ ಥೈಲೇರಿಯಾ, ಬೆಬೇಸಿಯಾ ರೋಗಗಳು ಮಿಶ್ರತಳಿ ದನಗಳನ್ನು ಸಾಯಿಸುತ್ತವೆ. ಬಯಲುಸೀಮೆಯಿಂದ ತಂದ ಹಸು ಮಲೆನಾಡಿನಲ್ಲಿ ಒಂದು ವರ್ಷ ದಾಟುವುದೇ ಕಷ್ಟವಾಗುವುದು ಇದರಿಂದಲೇ. ಇಲ್ಲಿಯೇ ಹುಟ್ಟಿ, ಇಲ್ಲಿಯ ಬೆಟ್ಟದಲ್ಲಿ ಮೇದು ಬೆಳೆದ ಕಡಸು ಎಂಬುದು ಸ್ಥಳೀಯ ಕೊಳ್ಳುಗರಿಗೆ ಒಂದು ಭರವಸೆ. ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗ ಸಿದ್ದಾಪುರ, ಹೊನ್ನಾವರದ ಕಡೆಯೂ ಕಾಣಿಸಿಕೊಂಡಿದೆ. ದನಗಳಿಗೆ ಅದು ಬರುವುದಿಲ್ಲವಾದರೂ ಕಾಡಿನ ಉಣ್ಣೆಗಳನ್ನು ಅಂಗಳಕ್ಕೆ ಹೊತ್ತು ತರುವುದು ಅವೇ. ಬೇಸಿಗೆಯಲ್ಲಿ ದನ ಮಾರುವವರು ಉಣ್ಣೆ ಔಷಧ ಹಚ್ಚಿದ ತಾರೀಖನ್ನು ತೋರಿಸಿ ಕೊಡುವುದು ಸೌಜನ್ಯವೂ ಹೌದು.

ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ. ಕೆಚ್ಚಲು ಬಾವು ಬಂದದ್ದು, ಯಾವ ಮೊಲೆಗೆ, ಎಷ್ಟು ದಿನ ಚಿಕಿತ್ಸೆ, ಕರುವಿಗೆ ಭೇದಿ, ಕೆಮ್ಮು, ಗರ್ಭಪಾತ. ಹತ್ತು ವರ್ಷದ ಪುಸ್ತಕದಲ್ಲಿ ಒಂದೂ ಕಾಯಿಲೆಯಿಲ್ಲದಿದ್ದರೆ ಯಾರೂ ಅದನ್ನು ನಂಬುವುದಿಲ್ಲ.

ಖರ್ಚು

ಖರ್ಚಿನ ಲೆಕ್ಕ ಕೊಳ್ಳುವವರಿಗೆ ತೋರಿಸಲು ಅಲ್ಲ, ತನಗೆ ಎಷ್ಟಕ್ಕಿಂತ ಕೆಳಗೆ ಇಳಿಯಬಾರದೆಂದು ತಿಳಿಯಲು. ಕುಡಿಸಿದ ಹಾಲಿಗೆ ಡೇರಿಯ ದರ ಹಿಡಿಯಿರಿ. ಹಿಂಡಿ, ಬೂಸಾ, ಖನಿಜ ಮಿಶ್ರಣದ ಚೀಲಗಳು ಇಡೀ ಕೊಟ್ಟಿಗೆಗೆ ಬರುವುದರಿಂದ ಅದನ್ನು ತಲೆವಾರು ಹಂಚಿ, ಎಳೆಗರುವನ್ನು ಅರ್ಧ ತಲೆಯೆಂದು ಲೆಕ್ಕ ಹಾಕಿದರಾಯಿತು. ಬೆಟ್ಟದ ಸೊಪ್ಪು, ಕರಡ (ಒಣಹುಲ್ಲು), ತೋಟದ ಹುಲ್ಲಿಗೆ ದುಡ್ಡಿಲ್ಲವಾದರೂ ಕೊಯ್ಯುವ ಆಳಿನ ಕೂಲಿ ಇದೆ. ಎದುರಿಗೆ ಗೊಬ್ಬರದ ಆದಾಯವನ್ನೂ ಬರೆಯಬೇಕು. ಅಡಿಕೆ ತೋಟವಿರುವ ಮನೆಯಲ್ಲಿ ಒಂದು ಗಾಡಿ ಗೊಬ್ಬರವನ್ನು ಹೊರಗಿನಿಂದ ತರಿಸಿದರೆ ಎಷ್ಟಾಗುತ್ತಿತ್ತೋ ಅದೇ ಅದರ ಬೆಲೆ.

ಯಾವುದನ್ನು ಮಾರಬೇಕು, ಯಾವಾಗ

ಎರಡು ವರ್ಷ ಹೀಗೆ ಬರೆದ ಪುಸ್ತಕ ಮೊದಲು ಉತ್ತರಿಸುವುದು ಯಾವ ಕರುವನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು. ಚಂದ ಕಾಣುವ ಕಡಸನ್ನು ಉಳಿಸಿಕೊಂಡು ಉಳಿದದ್ದನ್ನು ಮಾರುವುದು ನಮ್ಮ ಸ್ವಭಾವ, ಆದರೆ ಪುಸ್ತಕದಲ್ಲಿ ತಾಯಿಯ ಹಾಲಿನ ಸಾಲನ್ನೂ ಸೂಲಿನ ಅಂತರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೀರ್ಮಾನ ಬದಲಾಗುವುದುಂಟು. ಸಮಯದ ಮಟ್ಟಿಗೆ, ಗಬ್ಬ ಖಚಿತವಾದ ಮೇಲೆ ಏಳನೇ ತಿಂಗಳೊಳಗೆ ಮಾರುವುದು ನನ್ನ ಸಲಹೆ. ಬೆಲೆಯೂ ಬರುತ್ತದೆ, ವಾಹನದಲ್ಲಿ ಸಾಗಿಸಲು ಅಪಾಯವೂ ಕಡಿಮೆ. ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದ ಕಡೆ ಕೊಡುವುದಿದ್ದರೆ ಮಾರ್ಚ್, ಏಪ್ರಿಲ್ ತಿಂಗಳನ್ನು ತಪ್ಪಿಸಿ. ತಂಪಿನಲ್ಲಿ ಬೆಳೆದ ಎಚ್.ಎಫ್. ಕಡಸು ದೇವಿಮನೆ ಘಟ್ಟ ಇಳಿದ ಕೂಡಲೇ ಸೆಕೆಗೆ ಮೇವು ಬಿಡುತ್ತದೆ. ಕರಾವಳಿಯವರು ಜರ್ಸಿ ಮಿಶ್ರತಳಿಯನ್ನೇ ಕೇಳುವುದಕ್ಕೆ ಇದೇ ಕಾರಣ.

ತೋರಿಸುವುದು, ಬರೆದುಕೊಡುವುದು, ಕಳಿಸುವುದು

ಕೊಳ್ಳುವವರು ಬರುವ ಮುನ್ನ ಪುಸ್ತಕದ ವಿವರಗಳನ್ನು ಒಂದೇ ಹಾಳೆಗೆ ಇಳಿಸಿ. ಅದರ ಮಾದರಿ ಹೀಗಿರಬಹುದು:

ಹೆಸರು: ಕಪಿಲೆ (ಕಿವಿಯೋಲೆ ಸಂಖ್ಯೆ ಪೂರ್ತಿ). ಜರ್ಸಿ ಮಿಶ್ರತಳಿ, ಕಂದು ಮೈ, ಹಣೆಯಲ್ಲಿ ಬಿಳಿ ಮಚ್ಚೆ. ಹುಟ್ಟಿದ್ದು: 12 ಆಗಸ್ಟ್, ಒಂಟಿ ಕರು. ತಾಯಿ: ಗಂಗೆ, ಮೂರನೇ ಸೂಲು, ಗರಿಷ್ಠ 11 ಲೀಟರ್, 305 ದಿನಕ್ಕೆ 2,318 ಲೀಟರ್, ಹಿಂದಿನ ಸೂಲಿನಿಂದ ಅಂತರ 13 ತಿಂಗಳು. ತಂದೆ: ಹೋರಿ ಸಂಖ್ಯೆ, ಕಡ್ಡಿ ಲಗತ್ತಿಸಿದೆ. ಹದಿನೇಳನೇ ತಿಂಗಳಿಗೆ ಅಂದಾಜು ತೂಕ 220 ಕೆ.ಜಿ. ಕಂದು ರೋಗದ ಲಸಿಕೆ ಆರನೇ ತಿಂಗಳಲ್ಲಿ. ಗಬ್ಬ ಪರೀಕ್ಷೆ ಆಗಿದೆ, ಅಕ್ಟೋಬರ್ ಮೂರನೇ ವಾರಕ್ಕೆ ಈಯುವ ನಿರೀಕ್ಷೆ. ಕಾಯಿಲೆ: ಎರಡನೇ ತಿಂಗಳಲ್ಲಿ ಭೇದಿ, ಐದು ದಿನ ಚಿಕಿತ್ಸೆ. ಸ್ವಭಾವ: ಸೌಮ್ಯ, ಅಪರಿಚಿತರು ಹಿಂದಿನಿಂದ ಬಂದರೆ ಒದೆಯುತ್ತದೆ.

ಕೊನೆಯ ಸಾಲನ್ನು ಬಿಡಬೇಡಿ. ಅದನ್ನು ಓದಿದ ಮೇಲೆ ಮೇಲಿನ ಸಾಲುಗಳನ್ನೂ ನಂಬುತ್ತಾರೆ.

ಬೆಲೆ ಕುದುರಿದಾಗ ಮಾರಾಟದ ಚೀಟಿಯನ್ನು ಎರಡು ಪ್ರತಿ ಬರೆಯಿರಿ. ಇಬ್ಬರ ಹೆಸರು, ವಿಳಾಸ, ಕಿವಿಯೋಲೆ ಸಂಖ್ಯೆ, ಬೆಲೆ, ಮುಂಗಡ, ತಾರೀಖು, ಸಾಕಣೆಯ ಉದ್ದೇಶಕ್ಕೆ ಎಂಬ ಸ್ಪಷ್ಟ ನಮೂದು, ತಿಳಿಸಿದ ದೋಷಗಳು, ಇಬ್ಬರು ಸಾಕ್ಷಿಗಳ ಸಹಿ ಅದರಲ್ಲಿರಲಿ. ಕೊಳ್ಳುವವರ ಗುರುತಿನ ಚೀಟಿಯ ಪ್ರತಿಯನ್ನು ಪಡೆಯಲು ಸಂಕೋಚ ಬೇಡ. ವಾಹನಕ್ಕೆ ಹತ್ತಿಸುವ ಮುನ್ನ ಪ್ರಾಣಿ ಪ್ರಯಾಣಕ್ಕೆ ಯೋಗ್ಯವೆಂದು ಪಶುವೈದ್ಯರಿಂದ ಪ್ರಮಾಣಪತ್ರ ಪಡೆದು, ಸಾಗಣೆಗೆ ಬೇಕಾದ ಉಳಿದ ಕಾಗದಗಳನ್ನು ಅವರಲ್ಲಿಯೇ ವಿಚಾರಿಸಿ ಸಿದ್ಧಪಡಿಸಿಕೊಳ್ಳಬೇಕು. 1978ರ ಪ್ರಾಣಿ ಸಾಗಣೆ ನಿಯಮದಂತೆ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಒಯ್ಯುವಂತಿಲ್ಲ. ಕಾರವಾರದಿಂದ ಗಡಿಯಾಚೆಯ ಗೋವಾಕ್ಕೆ ಒಯ್ಯುವವರು ಅನುಮತಿಯ ಕಾಗದ ಕೈಗೆ ಬರುವ ಮುನ್ನ ಹೊರಡಲೇಬಾರದು.

ಪ್ರಾಣಿ ಹೋದ ಮೇಲೆ ಪಶು ಆಸ್ಪತ್ರೆಗೆ ತಿಳಿಸಿ ಕಿವಿಯೋಲೆಯ ದಾಖಲೆಯಲ್ಲಿ ಮಾಲೀಕರ ಹೆಸರನ್ನು ಬದಲಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಮುಂದೆ ಆ ದನದ ವಿಷಯದಲ್ಲಿ ಏನಾದರೂ ತಕರಾರು ಬಂದಾಗ ಕರೆ ಬರುವುದು ಹಳೆಯ ಮಾಲೀಕರಿಗೇ. ವಿಮೆಯಿದ್ದರೆ ಅದರ ವರ್ಗಾವಣೆಗೂ ಅರ್ಜಿ ಕೊಡಬೇಕು. ಮಾರಿದ ಕರುವಿನ ಪುಟವನ್ನು ಹರಿಯದೆ, ಅದರ ಕೆಳಗೆ ಕೊಂಡವರ ಊರು, ಫೋನ್ ನಂಬರ್, ಬಂದ ಬೆಲೆ ಬರೆದು, ಆ ಕಡಸು ಕರು ಹಾಕಿದ ಮೇಲೆ ಒಮ್ಮೆ ಫೋನ್ ಮಾಡಿ ಎಷ್ಟು ಹಾಲು ಕೊಡುತ್ತಿದೆ ಎಂದು ಕೇಳಿ ಅದನ್ನೂ ಅಲ್ಲಿಯೇ ಬರೆದಿಟ್ಟರೆ, ಅದರ ತಂಗಿಯನ್ನು ಮಾರುವಾಗ ತಾಯಿಯ ಜೊತೆಗೆ ಅಕ್ಕನ ಹಾಲನ್ನೂ ತೋರಿಸಬಹುದು.